ಎರಡು ಬಕೆಟ್, ಒಂದು ಪಂಪು: ಬಾಲ್ಕನಿಯಲ್ಲಿ ಡೀಪ್ ವಾಟರ್ ಕಲ್ಚರ್ ಕಿಟ್ ಬಳಸಿದ ಮೇಲೆ

ಮಣ್ಣಿಲ್ಲದೆ ಸೊಪ್ಪು ಬೆಳೆಯುವ ಕಿಟ್‌ಗಳು ಈಗ ಆನ್‌ಲೈನ್‌ನಲ್ಲಿ ಹತ್ತಾರು ಬಗೆಯವು ಸಿಗುತ್ತವೆ. ಪೈಪಿನವು, ಟವರಿನವು, ಲೈಟ್ ಸಮೇತ ಬರುವ ಡಬ್ಬಗಳು. ನಾನು ತರಿಸಿದ್ದು ಇವೆಲ್ಲಕ್ಕಿಂತ ಸರಳವಾದದ್ದು, ಡೀಪ್ ವಾಟರ್ ಕಲ್ಚರ್ ಕಿಟ್. ಗೊಬ್ಬರ ಕರಗಿಸಿದ ನೀರಿನೊಳಗೆ ಬೇರು ಸದಾ ಇಳಿಬಿದ್ದಿರುತ್ತದೆ, ಪಂಪು ಆ ನೀರಿಗೆ ಹಗಲೂ ರಾತ್ರಿ ಗಾಳಿ ಊದುತ್ತಿರುತ್ತದೆ. ಅಷ್ಟೇ. ನೀರು ಹರಿಸುವ ಮೋಟಾರಿಲ್ಲ, ಕಟ್ಟಿಕೊಳ್ಳುವ ಪೈಪಿಲ್ಲ. ಬೆಂಗಳೂರು ವಿಜಯನಗರದ ನಮ್ಮ ಮೂರನೇ ಮಹಡಿಯ ಬಾಲ್ಕನಿಗೆ ಪೂರ್ವದ ಬಿಸಿಲು ಬೀಳುತ್ತದೆ. ಅಲ್ಲಿ ಮಣ್ಣಿನ ಕುಂಡಗಳ ಭಾರ ಹೆಚ್ಚಾಗುತ್ತಿದೆ ಅಂತ ಈ ಕಿಟ್ ತರಿಸಿದೆ.

ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಬಕೆಟ್ ಒಳ್ಳೆಯದು. ಪಂಪು ಸಾಲದು. ಜೊತೆಗೆ ಬರುವ ಗೊಬ್ಬರದ ಚಾರ್ಟನ್ನು ಸೊಪ್ಪಿಗೆ ಬಳಸಲೇಬಾರದು. ಹೊಸದಾಗಿ ಶುರು ಮಾಡುವವರು ಗೊಬ್ಬರದ ಬಾಟಲಿಗಳ ಬಗ್ಗೆ ತಲೆ ಕೆಡಿಸಿಕೊಳ್ಳುವಷ್ಟು ಗಾಳಿಯ ಬಗ್ಗೆ ಕೆಡಿಸಿಕೊಳ್ಳುವುದಿಲ್ಲ. ಈ ವಿಧಾನದಲ್ಲಿ ಗಿಡ ಬದುಕುವುದೂ ಸಾಯುವುದೂ ಮಾತ್ರ ಗಾಳಿಯಿಂದಲೇ.

ಸುಮಾರು ಮೂರೂವರೆ ಸಾವಿರದ ಪೆಟ್ಟಿಗೆಯಲ್ಲಿ ಬಂದದ್ದು ಇಷ್ಟು: 20 ಲೀಟರಿನ ಎರಡು ಕಪ್ಪು ಬಕೆಟ್, ಮುಚ್ಚಳದಲ್ಲೇ ಕೂರುವ ಆರು ಇಂಚಿನ ಎರಡು ನೆಟ್ ಪಾಟ್ (ಜಾಲರಿಯಂಥ ಕುಂಡ), ಎರಡು ಬಾಯಿಯ ಏರ್ ಪಂಪು, ಗಾಳಿಯನ್ನು ಸಣ್ಣ ಗುಳ್ಳೆ ಮಾಡಿ ಬಿಡುವ ಏರ್ ಸ್ಟೋನ್, ಟ್ಯೂಬು, ಒಂದು ಚೀಲ ಸುಟ್ಟ ಜೇಡಿಮಣ್ಣಿನ ಉಂಡೆ, ಬೀಜ ಬಿತ್ತಲು ಸ್ಪಂಜಿನ ತುಂಡುಗಳು, ಎ ಮತ್ತು ಬಿ ಅಂತ ಎರಡು ಬಾಟಲಿ ಗೊಬ್ಬರ, ಪಿಎಚ್, ಅಂದರೆ ನೀರು ಎಷ್ಟು ಆಮ್ಲ ಎಷ್ಟು ಕ್ಷಾರ ಅಂತ ನೋಡಲು ಹನಿ ಹಾಕುವ ಸೀಸೆ. ಬಕೆಟಿನ ಪಕ್ಕಕ್ಕೆ ನೀರಿನ ಮಟ್ಟ ತೋರಿಸುವ ಪಾರದರ್ಶಕ ಟ್ಯೂಬು ಇದೆ. ಮುಚ್ಚಳ ತೆಗೆಯದೆ ನೀರೆಷ್ಟಿದೆ ಅಂತ ನೋಡಬಹುದು, ಅದನ್ನೇ ಕೆಳಗೆ ಬಗ್ಗಿಸಿದರೆ ನೀರು ಖಾಲಿ ಮಾಡಬಹುದು. ಈ ಸಣ್ಣ ಅನುಕೂಲ ನನಗೆ ತುಂಬಾ ಹಿಡಿಸಿತು. ಬೇರು ತುಂಬಿದ ಬಕೆಟಿನ ಮುಚ್ಚಳವನ್ನು ಪದೇ ಪದೇ ಎತ್ತಿದರೆ ಬೇರು ಹರಿಯುತ್ತದೆ.

ಬಕೆಟಿನ ಪ್ಲಾಸ್ಟಿಕ್ ದಪ್ಪವಾಗಿದೆ. ಒಳಗೆ ಟಾರ್ಚ್ ಹಾಕಿ ಕತ್ತಲಲ್ಲಿ ನೋಡಿದರೂ ಬೆಳಕು ಹೊರಗೆ ಕಾಣುವುದಿಲ್ಲ. ಇದು ಮುಖ್ಯ. ಗೊಬ್ಬರದ ನೀರಿಗೆ ಬೆಳಕು ತಗುಲಿದರೆ ಪಾಚಿ ಕಟ್ಟುತ್ತದೆ, ಪಾಚಿ ಗೊಬ್ಬರ ತಿನ್ನುತ್ತದೆ, ಸತ್ತು ಕೊಳೆತಾಗ ಆಮ್ಲಜನಕವನ್ನೂ ತಿನ್ನುತ್ತದೆ. ಮನೆಯಲ್ಲಿರುವ ತಿಳಿ ಬಣ್ಣದ ಬಕೆಟಿನಲ್ಲೇ ಮಾಡುತ್ತೇವೆ ಅನ್ನುವವರು ಹೊರಗಡೆ ಕಪ್ಪು ಬಣ್ಣ ಬಳಿದು, ಅದರ ಮೇಲೆ ಬಿಳಿ ಬಳಿಯಬೇಕು. ಕಪ್ಪು ಬೆಳಕು ತಡೆಯಲಿಕ್ಕೆ, ಬಿಳಿ ಬಿಸಿಲು ತಡೆಯಲಿಕ್ಕೆ. ಈ ಕಿಟ್ ಕೊಡುವುದು ಬರೀ ಕಪ್ಪು. ಮಾರ್ಚ್ ಏಪ್ರಿಲ್‌ನಲ್ಲಿ ನಮ್ಮ ಬಾಲ್ಕನಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಬಕೆಟಿನ ನೀರು 30 ಡಿಗ್ರಿ ತೋರಿಸಿತು. ಬೇರಿಗೆ ಹಿತವಾದದ್ದು 18ರಿಂದ 22 ಡಿಗ್ರಿ.

ನೀರು ಬಿಸಿಯಾದರೆ ಏನು ತೊಂದರೆ ಅನ್ನುವುದನ್ನು ನಮ್ಮ ಮಾವನವರ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅವರು ನಾಗಮಂಗಲದ ಕಡೆ ರಾಗಿ, ಭತ್ತ ಎರಡನ್ನೂ ಬೆಳೆದವರು. ಪೆಟ್ಟಿಗೆ ಬಿಚ್ಚಿದ ದಿನ ಬಕೆಟಿನೊಳಗೆ ಇಣುಕಿ ನೋಡಿ, “ನೀರಲ್ಲೇ ನಿಂತ್ರೆ ಬೇರು ಕೊಳೆಯಲ್ವೇನಮ್ಮಾ?” ಅಂದರು.

“ಗಾಳಿ ಬಿಡ್ತೀವಿ ಮಾವ, ಅದಕ್ಕೇ ಈ ಪಂಪು.”

“ಹಂಗಾದ್ರೆ ಕರೆಂಟ್ ಹೋದಾಗ?”

ಈ ಕಿಟ್ ಬಗ್ಗೆ ಇದುವರೆಗೆ ಯಾರೂ ಇದಕ್ಕಿಂತ ಸರಿಯಾದ ಪ್ರಶ್ನೆ ಕೇಳಿಲ್ಲ. ಭತ್ತ ಗದ್ದೆಯ ನೀರಿನಲ್ಲಿ ನಿಲ್ಲುವುದು ಅದರ ಕಾಂಡದೊಳಗೆ ಎಲೆಯಿಂದ ಬೇರಿನವರೆಗೆ ಗಾಳಿ ಇಳಿಯುವ ಪೊಳ್ಳು ದಾರಿಗಳು ಇರುವುದರಿಂದ. ಲೆಟಿಸ್‌ಗೆ, ಟೊಮೆಟೊಗೆ, ಪಾಲಕ್‌ಗೆ ಅಷ್ಟು ಚೆನ್ನಾದ ದಾರಿ ಇಲ್ಲ. ಹೊಲದಲ್ಲಿ ನೀರು ನಿಂತು ಗಿಡ ಹಳದಿ ತಿರುಗುವುದಕ್ಕೆ ನೀರು ಹೆಚ್ಚಾಯಿತು ಅನ್ನುವುದಕ್ಕಿಂತ ಬೇರಿಗೆ ಉಸಿರು ಸಿಗಲಿಲ್ಲ ಅನ್ನುವುದೇ ಸರಿಯಾದ ಕಾರಣ. ನೀರಿನಲ್ಲಿ ಕರಗುವ ಆಮ್ಲಜನಕವೂ ಬಹಳ ಕಡಿಮೆ. ಸಮುದ್ರ ಮಟ್ಟದಲ್ಲಿ 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದುಕೊಳ್ಳುತ್ತದೆ, 30 ಡಿಗ್ರಿಯ ನೀರು ಸುಮಾರು 7.5. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದಲ್ಲಿ ಇರುವುದರಿಂದ ಇಲ್ಲಿ ಆ ಲೆಕ್ಕದಲ್ಲೂ ಹತ್ತರಲ್ಲೊಂದು ಪಾಲು ಕಮ್ಮಿ. ಬಿಸಿ ಹೆಚ್ಚಿದಷ್ಟೂ ಬೇರು ಜೋರಾಗಿ ಉಸಿರಾಡುತ್ತದೆ. ಅಂದರೆ ಬೇಡಿಕೆ ಏರುವ ಹೊತ್ತಿಗೇ ಸರಬರಾಜು ಇಳಿಯುತ್ತದೆ. ಆಗಲೇ ಪಿಥಿಯಂ ಅನ್ನುವ ರೋಗಾಣು ನುಗ್ಗುವುದು. ಬಿಳಿ ಬೇರು ಕಂದು ಬಣ್ಣಕ್ಕೆ ತಿರುಗಿ, ಲೋಳೆಯಾಗಿ, ಕೆಟ್ಟ ವಾಸನೆ ಬರುತ್ತದೆ. ಒಂದು ಸಲ ಬಂದರೆ ಆ ಗಿಡ ಕಿತ್ತು, ಬಕೆಟ್ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆದು ಹೊಸದಾಗಿ ಶುರು ಮಾಡುವುದೇ ಕಡಿಮೆ ಕೆಲಸ.

ಈಗ ಪಂಪಿನ ವಿಷಯ. ಮನೆಯಲ್ಲಿ ಬೆಳೆಯುವವರ ರೂಢಿಯ ಲೆಕ್ಕ 20 ಲೀಟರಿನ ಒಂದು ಬಕೆಟ್‌ಗೆ ನಿಮಿಷಕ್ಕೆ ನಾಲ್ಕೈದು ಲೀಟರ್ ಗಾಳಿ. ಕಿಟ್‌ನ ಪಂಪಿನ ಮೇಲೆ ಬರೆದಿರುವುದು ಎರಡೂ ಬಾಯಿ ಸೇರಿ ನಿಮಿಷಕ್ಕೆ 4 ಲೀಟರ್. ಅಂದರೆ ಒಂದು ಬಕೆಟ್‌ಗೆ 2. ಅದೂ ನೀರಿನ ಆಳದ ಒತ್ತಡ ಇಲ್ಲದಾಗಿನ ಲೆಕ್ಕ. ಗಿಡ ಚಿಕ್ಕದಿದ್ದಾಗ, ಡಿಸೆಂಬರ್ ಜನವರಿಯ ಚಳಿಯಲ್ಲಿ, ಇಷ್ಟು ನಡೆಯುತ್ತದೆ. ಬೇರು ಬಕೆಟ್ ತುಂಬಿ, ಬೇಸಿಗೆ ಬಂದರೆ ನಡೆಯುವುದಿಲ್ಲ. ನಾನು ಎರಡೂ ಬಾಯಿಯನ್ನು ಒಂದೇ ಬಕೆಟ್‌ಗೆ ಕೊಟ್ಟು, ಇನ್ನೊಂದಕ್ಕೆ ಶಿವಾಜಿನಗರದ ಮೀನಿನ ಅಕ್ವೇರಿಯಂ ಅಂಗಡಿಯಿಂದ ಬೇರೆ ಪಂಪು ತಂದೆ. ಆ ಅಂಗಡಿಯವರು ಗಿಡಕ್ಕೆ ಅಂದಾಗ ಒಂದು ಕ್ಷಣ ನೋಡಿ, ಆಮೇಲೆ ಎಷ್ಟು ಲೀಟರ್ ನೀರು, ಎಷ್ಟು ಆಳ, ಕರೆಂಟ್ ಹೋಗುತ್ತಾ ಅಂತ ಮೂರು ಪ್ರಶ್ನೆ ಕೇಳಿ ಸರಿಯಾದ ಪಂಪನ್ನೇ ಕೊಟ್ಟರು. ಹೈಡ್ರೋಪೋನಿಕ್ಸ್ ಅಂತ ಹೆಸರು ಅಂಟಿಸಿ ಮಾರುವ ಪಂಪಿಗೂ ಅಕ್ವೇರಿಯಂ ಪಂಪಿಗೂ ಕೆಲಸದಲ್ಲಿ ಏನೂ ವ್ಯತ್ಯಾಸ ಇಲ್ಲ. ಬೆಲೆಯಲ್ಲಿ ಮಾತ್ರ ಇದೆ.

ಅದೇ ಅಂಗಡಿಯಲ್ಲಿ ನಾನ್ ರಿಟರ್ನ್ ವಾಲ್ವ್ ಅಂತ ಬೆರಳುದ್ದದ ಪ್ಲಾಸ್ಟಿಕ್ ತುಂಡು ಸಿಗುತ್ತದೆ, ಚಿಲ್ಲರೆ ಕಾಸಿನ ವಸ್ತು. ಈ ಕಿಟ್‌ನಲ್ಲಿ ಅದು ಇಲ್ಲ. ಪಂಪು ನೀರಿನ ಮಟ್ಟಕ್ಕಿಂತ ಕೆಳಗಿದ್ದು ಕರೆಂಟ್ ಹೋದರೆ, ಟ್ಯೂಬಿನ ಮೂಲಕ ನೀರು ಹಿಂದಕ್ಕೆ ಹರಿದು ಪಂಪಿನೊಳಗೆ ಹೋಗುತ್ತದೆ. ಪಂಪೂ ಸುಡುತ್ತದೆ, ನೆಲವೂ ಒದ್ದೆ, ಒದ್ದೆ ನೆಲದ ಮೇಲೆ ಪ್ಲಗ್ಗು. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವಾಲ್ವ್ ಹಾಕಿ, ಜೊತೆಗೆ ಪಂಪನ್ನು ಬಕೆಟಿಗಿಂತ ಎತ್ತರದ ಶೆಲ್ಫಿನ ಮೇಲಿಡಿ. ಶೆಲ್ಫಿನ ಮೇಲೆ ಹಾಗೇ ಇಟ್ಟರೆ ರಾತ್ರಿಯೆಲ್ಲಾ ಗುಂಯ್‌ಗುಡುತ್ತದೆ. ಹಳೆಯ ಟವೆಲ್ ಮಡಿಸಿ ಕೆಳಗೆ ಹಾಕಿದ ಮೇಲೆ ನಮ್ಮ ಮಲಗುವ ಕೋಣೆಗೆ ಸದ್ದು ಕೇಳುವುದಿಲ್ಲ. ಏರ್ ಸ್ಟೋನ್ ಬೋರ್‌ವೆಲ್ ನೀರಿನ ಉಪ್ಪಿನಿಂದ ಕಟ್ಟಿಕೊಳ್ಳುತ್ತದೆ. ನೀರು ಬದಲಿಸುವಾಗ ವಿನೆಗರ್‌ನಲ್ಲಿ ಒಂದು ರಾತ್ರಿ ನೆನೆಹಾಕಿದರೆ ಮತ್ತೆ ಸಣ್ಣ ಗುಳ್ಳೆ ಬರುತ್ತದೆ.

ಕರೆಂಟ್ ಹೋದಾಗ ಏನು ಅನ್ನುವ ಮಾವನವರ ಪ್ರಶ್ನೆಗೆ ಎರಡು ಉತ್ತರ. ಒಂದು, ಪಂಪು ತಿನ್ನುವುದು 5 ವ್ಯಾಟ್. ದಿನಪೂರ್ತಿ ಓಡಿದರೂ ತಿಂಗಳಿಗೆ 3.6 ಯೂನಿಟ್. ಮನೆಯ ಇನ್ವರ್ಟರ್ ಲೈನಿಗೆ ಕೊಟ್ಟರೆ ದಿನಗಟ್ಟಲೆ ನಡೆಯುತ್ತದೆ. ಇನ್ವರ್ಟರ್ ಇಲ್ಲದವರಿಗೆ ಯುಎಸ್‌ಬಿಯಲ್ಲಿ ಓಡುವ ಸಣ್ಣ ಪಂಪೂ ಮೊಬೈಲ್ ಪವರ್ ಬ್ಯಾಂಕೂ ಸಾಕು. ಎರಡನೆಯದು ಖರ್ಚಿಲ್ಲದ್ದು: ನೀರಿನ ಮಟ್ಟ. ಸಸಿ ಇಟ್ಟಾಗ ನೀರು ನೆಟ್ ಪಾಟಿನ ತಳ ಮುಟ್ಟುವಂತಿರಬೇಕು. ಬೇರು ಕೆಳಗಿಳಿದು ನೀರು ಮುಟ್ಟಿದ ಮೇಲೆ ಮಟ್ಟವನ್ನು ನಾಲ್ಕೈದು ಸೆಂಟಿಮೀಟರ್ ಇಳಿಸಿಬಿಡಬೇಕು. ನಡುವಿನ ತೇವದ ಗಾಳಿಯಲ್ಲಿ ಉಳಿದ ಬೇರು ಅಲ್ಲಿಂದಲೇ ಆಮ್ಲಜನಕ ಎಳೆದುಕೊಳ್ಳುವಂತೆ ಬೆಳೆಯುತ್ತದೆ. ಹಾಗೆ ಬೆಳೆದ ಗಿಡ ಪಂಪು ನಿಂತ ಕೆಲವು ಗಂಟೆ ತಡೆದುಕೊಳ್ಳುತ್ತದೆ. ಕಂಠಮಟ್ಟ ನೀರು ತುಂಬಿಟ್ಟ ಗಿಡ ತಡೆಯುವುದಿಲ್ಲ. ಕಿಟ್‌ನ ಪುಸ್ತಿಕೆಯಲ್ಲಿ ಈ ಮಾತು ಒಂದು ಸಾಲೂ ಇಲ್ಲ.

ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಇದೇ ತತ್ವವನ್ನು ಕೊನೆಯವರೆಗೆ ಎಳೆದವರು. ಅವರ ವಿಧಾನದಲ್ಲಿ ಪಂಪೇ ಇಲ್ಲ. ನೀರು ತುಂಬಿಸಿ ಬಿಟ್ಟರೆ ಗಿಡ ಕುಡಿಯುತ್ತಾ ಹೋದಂತೆ ಮಟ್ಟ ಇಳಿಯುತ್ತದೆ, ಮೇಲೆ ಗಾಳಿಯ ಜಾಗ ದೊಡ್ಡದಾಗುತ್ತದೆ. ಲೆಟಿಸ್‌ನಂಥ ಬೇಗ ಕೊಯ್ಲಿಗೆ ಬರುವ ಬೆಳೆಗೆ ಅದು ಚೆನ್ನಾಗಿ ನಡೆಯುತ್ತದೆ. ಆದ್ದರಿಂದ ಬರೀ ಲೆಟಿಸ್ ಸಾಕು ಅನ್ನುವವರಿಗೆ ನಾನು ಈ ಕಿಟ್ ಶಿಫಾರಸು ಮಾಡುವುದಿಲ್ಲ. ಮುಚ್ಚಳವಿರುವ ಗಾಢ ಬಣ್ಣದ ಡಬ್ಬ, ನಾಲ್ಕು ನೆಟ್ ಪಾಟ್, ಗೊಬ್ಬರ ತಂದರೆ ಆಯಿತು. ಪಂಪು ಬೇಕಾಗುವುದು ಬಹಳ ದಿನ ನಿಲ್ಲುವ, ಬೇರು ದಟ್ಟವಾಗುವ ಗಿಡಕ್ಕೆ. ಕಾಮಕಸ್ತೂರಿ, ಪುದೀನ, ಟೊಮೆಟೊ, ದೊಣ್ಣೆ ಮೆಣಸಿನಕಾಯಿ ಇವಕ್ಕೆ.

ಇನ್ನು ಆ ಚಾರ್ಟು. ನನಗೆ ಬಹಳ ಬೇಸರ ತಂದದ್ದು ಇದೇ. ಬಣ್ಣದ ಹಾಳೆಯಲ್ಲಿ ವಾರವಾರಕ್ಕೆ ಎಷ್ಟು ಗೊಬ್ಬರ ಅಂತ ಕೊಟ್ಟಿದ್ದಾರೆ. ಮೊದಲ ವಾರಗಳು ವೆಜ್ (ಎಲೆ ಬೆಳೆಯುವ ಹಂತ), ಆಮೇಲೆ ಬ್ಲೂಮ್ (ಹೂ ಬಿಡುವ ಹಂತ), ಕೊನೆಗೆ ಫ್ಲಶ್ (ಗೊಬ್ಬರ ನಿಲ್ಲಿಸಿ ಬರೀ ನೀರು). ಬೆಳಕು ಮೊದಲು 18 ಗಂಟೆ, ಆಮೇಲೆ 12 ಗಂಟೆ. ಮೇಲೆ ಲೆಟಿಸ್ ಎಲೆಯ ಚಿತ್ರ. ಲೆಟಿಸ್ ಹೂ ಬಿಟ್ಟರೆ ಕಹಿಯಾಗುತ್ತದೆ, ಅದಕ್ಕೆ ಬ್ಲೂಮ್ ಹಂತ ಯಾಕೆ? ಈ ಚಾರ್ಟು ಹುಟ್ಟಿದ್ದು ಗಾಂಜಾ ಬೆಳೆಯುವವರಿಗಾಗಿ. ಬಕೆಟಿನ ಡೀಪ್ ವಾಟರ್ ಕಲ್ಚರ್ ಪಶ್ಚಿಮದ ದೇಶಗಳಲ್ಲಿ ಮನೆಮನೆಗೆ ಹೋಗಿದ್ದರಲ್ಲಿ ಆ ಗಿಡದ ಪಾಲು ದೊಡ್ಡದು. ಕೆನಡಾದಲ್ಲಿ 2018ರ ಅಕ್ಟೋಬರ್‌ನಿಂದ ಬಹುತೇಕ ಪ್ರಾಂತ್ಯಗಳಲ್ಲಿ ಒಂದು ಮನೆಯಲ್ಲಿ 4 ಗಿಡ ಬೆಳೆಯಲು ಕಾನೂನು ಒಪ್ಪುತ್ತದೆ. ಜರ್ಮನಿಯಲ್ಲಿ 2024ರ ಏಪ್ರಿಲ್‌ನಿಂದ ವಯಸ್ಕರೊಬ್ಬರಿಗೆ 3 ಗಿಡ. ನಮ್ಮಲ್ಲಿ ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಪರವಾನಗಿ ಇಲ್ಲದೆ ಗಾಂಜಾ ಗಿಡ ಬೆಳೆಯುವುದು ಅಪರಾಧ, ಬಾಲ್ಕನಿಯ ಒಂದೇ ಗಿಡವಾದರೂ ಸರಿ. ಅಲ್ಲಿನ ಚಾರ್ಟನ್ನು ಹಾಗೇ ಮುದ್ರಿಸಿ, ಮೇಲೆ ಲೆಟಿಸ್ ಚಿತ್ರ ಹಾಕಿ ಇಲ್ಲಿ ಮಾರುವುದು ಗ್ರಾಹಕರಿಗೆ ಮಾಡುವ ಅನ್ಯಾಯ.

ಯಾಕೆಂದರೆ ಆ ಗಿಡ ಗೊಬ್ಬರಕ್ಕೆ ಹಸಿದ ಗಿಡ, ಲೆಟಿಸ್ ಹಾಗಲ್ಲ. ನೀರಿನಲ್ಲಿ ಗೊಬ್ಬರ ಎಷ್ಟು ಕರಗಿದೆ ಅನ್ನುವುದನ್ನು ಇ.ಸಿ. (ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅನ್ನುವ ಅಳತೆ) ಅಂತ ಅಳೆಯುತ್ತಾರೆ. ಲೆಟಿಸ್‌ಗೆ 0.8ರಿಂದ 1.2 ಸಾಕು, ಕಾಮಕಸ್ತೂರಿಗೆ 1.0ರಿಂದ 1.6. ಟೊಮೆಟೊ ಕಾಯಿ ಹಿಡಿದಾಗ 2.0ಕ್ಕೂ ಮೇಲೆ ಕೇಳುತ್ತದೆ. ಚಾರ್ಟಿನ ಕೊನೆಯ ವಾರಗಳಲ್ಲಿ 1400 ಪಿಪಿಎಂ (ನೀರಿನ ಹತ್ತು ಲಕ್ಷ ಪಾಲಿನಲ್ಲಿ ಗೊಬ್ಬರ ಎಷ್ಟು ಪಾಲು) ಅಂತಿದೆ. ಇಲ್ಲೇ ಇನ್ನೊಂದು ಗುಂಡಿ. ಪಿಪಿಎಂ ತೋರಿಸುವ ಪೆನ್ನುಗಳು ನಿಜವಾಗಿ ಅಳೆಯುವುದು ಇ.ಸಿ.ಯನ್ನೇ, ಅದನ್ನು 500ರಿಂದಲೋ 700ರಿಂದಲೋ ಗುಣಿಸಿ ಪಿಪಿಎಂ ಅಂತ ತೋರಿಸುತ್ತವೆ. ಚಾರ್ಟು 700ರದ್ದು, ಅಂದರೆ 1400 ಅಂದರೆ ಇ.ಸಿ. 2.0. ಕುಡಿಯುವ ನೀರು ನೋಡುವ ನನ್ನ ಟಿಡಿಎಸ್ ಪೆನ್ನು 500ರದ್ದು. ಅದರಲ್ಲಿ 1400 ಬರುವವರೆಗೆ ಗೊಬ್ಬರ ಸುರಿದರೆ ಇ.ಸಿ. 2.8 ಆಗುತ್ತದೆ. ಲೆಟಿಸ್ ಎಲೆಯ ಅಂಚು ಸುಟ್ಟು ಕಂದಾಗಲು ಅದು ಧಾರಾಳ. ಹಾಗಾಗಿ ನಾನು ಚಾರ್ಟು ಮಡಿಸಿಟ್ಟು, ಇ.ಸಿ.ಯನ್ನೇ ನೇರ ತೋರಿಸುವ ಪೆನ್ನು ತೆಗೆದುಕೊಂಡೆ. ಕಿಟ್‌ಗೆ ಸೇರಿಸಲೇಬೇಕಾದ ವಸ್ತು ಅದು. ಸೇರಿಸಿಲ್ಲ.

ಗೊಬ್ಬರ ಮಾತ್ರ ಚೆನ್ನಾಗಿದೆ, ಅದನ್ನು ಹೇಳಲೇಬೇಕು. ಎ ಮತ್ತು ಬಿ ಅಂತ ಎರಡು ಮಾಡಿರುವುದು ಮಾರಾಟದ ಉಪಾಯ ಅಂತ ಕೆಲವರು ಅಂದುಕೊಳ್ಳುತ್ತಾರೆ, ಹಾಗಲ್ಲ. ಎ ಬಾಟಲಿಯ ಕ್ಯಾಲ್ಸಿಯಂ ಬಿ ಬಾಟಲಿಯ ಸಲ್ಫೇಟ್, ಫಾಸ್ಫೇಟ್ ಜೊತೆ ಗಟ್ಟಿ ದ್ರಾವಣದಲ್ಲಿ ಸೇರಿದರೆ ಜಿಪ್ಸಂ ಮುಂತಾಗಿ ಗಷ್ಟು ಕಟ್ಟಿ ತಳಕ್ಕೆ ಕೂರುತ್ತದೆ, ಗಿಡಕ್ಕೆ ಸಿಗುವುದೇ ಇಲ್ಲ. ಬಕೆಟ್ ನೀರಿಗೆ ಎ ಹಾಕಿ, ಚೆನ್ನಾಗಿ ಕಲಕಿ, ಆಮೇಲೆ ಬಿ. ಒಂದೇ ಅಳತೆಯ ಲೋಟವನ್ನು ತೊಳೆಯದೆ ಎರಡಕ್ಕೂ ಬಳಸಬೇಡಿ. ಬಾಟಲಿ ಮುಗಿದ ಮೇಲೆ ಕಿಟ್‌ನವರ ಹತ್ತಿರವೇ ಕೊಳ್ಳಬೇಕೆಂದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಮಣ್ಣಿಲ್ಲದ ಬೇಸಾಯಕ್ಕೆಂದೇ ಅರ್ಕಾ ಸಸ್ಯ ಪೋಷಕ್ ರಸ್ ಅಂತ ಎ, ಬಿ ಗೊಬ್ಬರ ಮಾಡಿದ್ದಾರೆ. ಅದು ತೆಂಗಿನ ನಾರಿನ ಪುಡಿಯಲ್ಲಿ ಬೆಳೆಯುವವರಿಗೆ ಮಾಡಿದ್ದಾದ್ದರಿಂದ ಬಕೆಟ್‌ಗೆ ಹಾಕುವಾಗ ಪೆನ್ನಿನಲ್ಲಿ ಇ.ಸಿ. ನೋಡಿಕೊಂಡೇ ಹಾಕಬೇಕು.

ತಾರಸಿ ತೋಟದ ಗೆಳತಿಯರು ಎರಡು ವಿಷಯ ಪದೇ ಪದೇ ಕೇಳುತ್ತಾರೆ. ಗೊಬ್ಬರದ ಅಂಗಡಿಯ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನ ಗೊಬ್ಬರ) ಹಾಕಬಹುದಾ? ಬೇಡ. ಅದರ ಸಾರಜನಕದ ದೊಡ್ಡ ಪಾಲು ಯೂರಿಯಾ ರೂಪದಲ್ಲಿದೆ. ಮಣ್ಣಿನಲ್ಲಿ ಸೂಕ್ಷ್ಮಾಣುಗಳು ಅದನ್ನು ನೈಟ್ರೇಟ್ ಮಾಡಿಕೊಡುತ್ತವೆ, ಬಕೆಟಿನಲ್ಲಿ ಆ ಕೆಲಸ ಮಾಡುವವರು ಸಾಕಷ್ಟಿಲ್ಲ. ಕ್ಯಾಲ್ಸಿಯಂ ಅಂತೂ ಅದರಲ್ಲಿಲ್ಲ. ಜೀವಾಮೃತ, ಕಾಂಪೋಸ್ಟ್ ನೀರು ಹಾಕಬಹುದಾ? ಅದೂ ಬೇಡ. ಬೆಲ್ಲ, ಸಗಣಿ, ಹಿಟ್ಟು ಇರುವ ದ್ರವ ಬಕೆಟಿನಲ್ಲಿ ಕೊಳೆಯುತ್ತಾ ಬೇರಿಗೆ ಬೇಕಾದ ಆಮ್ಲಜನಕವನ್ನೆಲ್ಲಾ ಕುಡಿದುಬಿಡುತ್ತದೆ. ಮಣ್ಣಿಗೆ ಜೀವ ಕೊಡುವ ವಸ್ತು ಅದು, ನಾನೂ ನನ್ನ ಕರಿಬೇವಿಗೆ, ದಾಸವಾಳಕ್ಕೆ ಹಾಕುತ್ತೇನೆ. ಬಕೆಟ್‌ಗೆ ಹಾಕುವುದಿಲ್ಲ.

ನೀರಿನ ವಿಷಯಕ್ಕೆ ಬಂದರೆ ಬೆಂಗಳೂರಿನವರು ಕಿಟ್ ಕೊಳ್ಳುವ ಮೊದಲೇ ಪೆನ್ನು ಕೊಂಡು ತಮ್ಮ ನಲ್ಲಿಯ ನೀರು ನೋಡಿಕೊಳ್ಳಬೇಕು. ನಮ್ಮ ಮನೆಯ ಕಾವೇರಿ ನೀರು ಇ.ಸಿ. 0.4 ತೋರಿಸಿತು. ಕಟ್ಟಡದ ಬೋರ್‌ವೆಲ್ ನೀರು 1.3. ಅಂದರೆ ಬೋರ್ ನೀರಿನಲ್ಲಿ ಒಂದು ಹನಿ ಗೊಬ್ಬರ ಹಾಕುವ ಮೊದಲೇ ಲೆಟಿಸ್‌ನ ಮಿತಿ ದಾಟಿದೆ, ಅದೂ ಗಿಡಕ್ಕೆ ಬೇಡದ ಉಪ್ಪಿನಿಂದ. ಸಂಪಿನಲ್ಲಿ ಎರಡೂ ಬೆರೆಯುವ ಮನೆಗಳಲ್ಲಿ ಇವತ್ತಿನ ಅಳತೆ ನಾಳೆಗಿಲ್ಲ. ಬೋರ್ ನೀರೇ ಗತಿಯಾದರೆ ಆರ್‌ಒ ನೀರನ್ನು ಬೆರೆಸಿ ಇಳಿಸಬೇಕು. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಉಳಿತಾಯ ಅಂತ ಬಕೆಟ್‌ಗೆ ಹಾಕಬೇಡಿ, ಉಪ್ಪೆಲ್ಲಾ ಅದರಲ್ಲೇ ಇರುವುದು. ಮಳೆಗಾಲದಲ್ಲಿ ನಾನು ಬಳಸುವುದು ತಾರಸಿಯಿಂದ ಹಿಡಿದ ಮಳೆನೀರು. ಅದಕ್ಕಿಂತ ಒಳ್ಳೆಯ ನೀರು ಈ ಕೆಲಸಕ್ಕೆ ಇಲ್ಲ. ಇ.ಸಿ. ಸೊನ್ನೆಯ ಹತ್ತಿರ, ಪಿಎಚ್ ಏರಿಸುವ ಬೈಕಾರ್ಬೊನೇಟ್ ಇಲ್ಲ, ಹಾಕಿದ ಗೊಬ್ಬರವೆಲ್ಲಾ ಲೆಕ್ಕಕ್ಕೆ ಸರಿಯಾಗಿ ನಿಲ್ಲುತ್ತದೆ.

ಪಿಎಚ್ 5.5ರಿಂದ 6.5ರ ನಡುವೆ ಇರಬೇಕು. ಅದಕ್ಕಿಂತ ಮೇಲೆ ಹೋದರೆ ನೀರಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುವುದಿಲ್ಲ, ಹೊಸ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಯಾಗುತ್ತವೆ. ಗಿಡ ನೈಟ್ರೇಟ್ ತಿಂದಂತೆ ಪಿಎಚ್ ತಾನಾಗಿ ಮೇಲೇರುತ್ತದೆ, ಗಡಸು ನೀರಾದರೆ ಇನ್ನೂ ಬೇಗ. ಹನಿ ಹಾಕಿ ಬಣ್ಣ ನೋಡುವ ಕಿಟ್‌ನ ಸೀಸೆ ಕೆಲಸ ಮಾಡುತ್ತದೆ, ಆದರೆ ಹಳದಿಗೂ ತಿಳಿ ಹಸಿರಿಗೂ ಇರುವ ವ್ಯತ್ಯಾಸವನ್ನು ಹಗಲ ಬೆಳಕಿನಲ್ಲಿ ನೋಡಬೇಕು, ಟ್ಯೂಬ್‌ಲೈಟಿನಲ್ಲಿ ಗೊತ್ತಾಗುವುದಿಲ್ಲ. ಇಳಿಸಲು ಫಾಸ್ಫರಿಕ್ ಆಮ್ಲದ ಪಿಎಚ್ ಡೌನ್ ಕೊಳ್ಳಿ, ಕೈಗವಸು ಹಾಕಿಕೊಂಡು ಹನಿಹನಿಯಾಗಿ ಬಳಸಿ, ಮಕ್ಕಳ ಕೈಗೆ ಸಿಗದಂತಿಡಿ. ನಿಂಬೆಹುಳಿ ಹಿಂಡಿದರೆ ಆ ಹೊತ್ತಿಗೆ ಇಳಿಯುತ್ತದೆ, ಸೂಕ್ಷ್ಮಾಣುಗಳು ಅದನ್ನು ತಿಂದ ಮೇಲೆ ಮತ್ತೆ ಏರುತ್ತದೆ.

ಬೇಸಿಗೆಯ ಬಿಸಿಗೆ ನಮ್ಮ ಮನೆಯಲ್ಲಿ ಒದಗಿದ ಉಪಾಯ ಮಾವನವರದ್ದು. ಬಕೆಟಿನ ಸುತ್ತ ಗೋಣಿಚೀಲ ಸುತ್ತಿ, ಅದರ ಅಂಚು ಕೆಳಗಿನ ತಟ್ಟೆಯ ನೀರಿನಲ್ಲಿ ಮುಳುಗಿರುವಂತೆ ಮಾಡಿದರು. ಗೋಣಿ ನೀರು ಎಳೆದುಕೊಂಡು ಆರುತ್ತಾ ಇರುತ್ತದೆ, ಮಣ್ಣಿನ ಹೂಜಿ ನೀರು ತಣ್ಣಗಿಟ್ಟಂತೆ ಬಕೆಟ್ ತಣ್ಣಗಿರುತ್ತದೆ. ಮಧ್ಯಾಹ್ನದ 30 ಡಿಗ್ರಿ 25ರ ಹತ್ತಿರಕ್ಕೆ ಇಳಿಯಿತು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಒಣ ಬೇಸಿಗೆಯಲ್ಲಿ ಇದು ನಡೆಯುತ್ತದೆ. ಮಂಗಳೂರು, ಕಾರವಾರದ ಸೆಕೆಯಲ್ಲಿ ಗೋಣಿ ಆರುವುದೇ ನಿಧಾನ, ಅಷ್ಟು ಫಲ ಸಿಗದು. ಆ ಕಡೆಯವರು ಬಕೆಟನ್ನು ಮನೆಯೊಳಗಿನ ತಣ್ಣನೆ ನೆಲದ ಮೇಲಿಟ್ಟು ಕಿಟಕಿಯ ಬೆಳಕಿನಲ್ಲಿ ಬೆಳೆಯುವುದು ಒಳ್ಳೆಯದು, ಅಥವಾ ಬೇಸಿಗೆಯಲ್ಲಿ ಲೆಟಿಸ್ ಬಿಟ್ಟು ಬಿಸಿ ತಡೆಯುವ ಸೊಪ್ಪು ಹಾಕುವುದು. ತಟ್ಟೆಯ ನೀರನ್ನು ದಿನಾ ಚೆಲ್ಲಿ ಹೊಸದು ಹಾಕಬೇಕು. ಡೆಂಗಿ ತರುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ. ಅದೇ ಕಾರಣಕ್ಕೆ ಬಕೆಟಿನ ಮುಚ್ಚಳದಲ್ಲಿ ಟ್ಯೂಬು ಹೋಗುವ ತೂತಿನ ಸುತ್ತಲಿನ ಸಂದನ್ನು ಸ್ಪಂಜಿನಿಂದ ಮುಚ್ಚಿ. ಕಿಟ್‌ನ ತೂತು ಟ್ಯೂಬಿಗಿಂತ ದೊಡ್ಡದಿದೆ, ಸೊಳ್ಳೆ ಸಲೀಸಾಗಿ ಒಳಗೆ ಹೋಗುತ್ತದೆ. ನಮ್ಮ ಬೀದಿಯಲ್ಲಿ ಎಷ್ಟೋ ಮನೆಯಲ್ಲಿ ಡೆಂಗಿ ಆಗಿದೆ, ಒಂದು ಕಟ್ಟು ಸೊಪ್ಪಿಗಾಗಿ ಇನ್ನೊಬ್ಬರ ಮಗುವಿಗೆ ಜ್ವರ ಬರುವಂತಾಗಬಾರದು.

ಏನೇನು ಬೆಳೆಯಿತು ಅಂತ ಹೇಳುತ್ತೇನೆ. ಕಾಮಕಸ್ತೂರಿ ಈ ಬಕೆಟ್‌ಗೆಂದೇ ಹುಟ್ಟಿದೆಯೇನೋ ಅನ್ನುವಂತೆ ಬಂತು. ತುದಿ ಚಿವುಟಿದಷ್ಟೂ ಕವಲೊಡೆದು, ಪಕ್ಕದ ಮನೆಯವರಿಗೂ ಕೊಡುವಷ್ಟಾಯಿತು. ಪುದೀನಕ್ಕೆ ಬೀಜವೂ ಬೇಡ. ಮಾರ್ಕೆಟಿನಿಂದ ತಂದ ಕಟ್ಟಿನಲ್ಲಿ ದಪ್ಪ ಕಡ್ಡಿ ಆರಿಸಿ ಲೋಟದ ನೀರಿನಲ್ಲಿಟ್ಟರೆ ವಾರದೊಳಗೆ ಬೇರು ಬಿಡುತ್ತದೆ. ಮಣ್ಣಿನ ಕುಂಡದ ಪುದೀನಕ್ಕಿಂತ ಎಲೆ ದೊಡ್ಡದು, ಘಮ ಸ್ವಲ್ಪ ಕಡಿಮೆ. ಚಟ್ನಿಗೆ ಎರಡು ಎಲೆ ಹೆಚ್ಚು ಹಾಕಬೇಕು. ಲೆಟಿಸ್‌ಗೆ ಆರು ಇಂಚಿನ ಒಂದೇ ಪಾಟ್ ದಂಡ. ಕೆಳಗಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಇನ್ನೊಂದು ಮುಚ್ಚಳಕ್ಕೆ ಎರಡು ಇಂಚಿನ ತೂತು ಹೊಡೆಸಿಕೊಂಡು ಸಣ್ಣ ಪಾಟ್‌ಗಳನ್ನು ಕೂರಿಸಿದೆ. ಚಳಿಗಾಲದಲ್ಲಿ ಹೊರಗಿನ ಎಲೆ ಕಿತ್ತುಕೊಳ್ಳುತ್ತಾ ಬಹಳ ದಿನ ತಿಂದೆವು. ನಾಟಿ ಪಾಲಕ್ ಪರವಾಗಿಲ್ಲ. ಟೊಮೆಟೊ ನಮ್ಮ ಬಾಲ್ಕನಿಗೆ ಹೊಂದಲಿಲ್ಲ. ಮಧ್ಯಾಹ್ನದ ಮೇಲೆ ಬಿಸಿಲಿಲ್ಲದ ಕಡೆ ಅದು ಬರೀ ಎಲೆ. ತಾರಸಿ ಇದ್ದವರಿಗೆ ಅದು ಬೇರೆ ಮಾತು.

ಕಿಟ್‌ನ ಪೆಟ್ಟಿಗೆಯ ಮೇಲೆ ಮಣ್ಣಿಗಿಂತ ಮೂರು ಪಟ್ಟು ಇಳುವರಿ ಅಂತ ಬರೆದಿದ್ದಾರೆ. ಇದನ್ನು ನಂಬಿ ಕೊಳ್ಳಬೇಡಿ. 1938ರಲ್ಲೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೋಗ್ಲಂಡ್ ಮತ್ತು ಅರ್ನನ್ ಟೊಮೆಟೊವನ್ನು ಮಣ್ಣು, ಮರಳು, ನೀರು ಮೂರರಲ್ಲೂ ಬೆಳೆದು ನೋಡಿ, ಒಳ್ಳೆಯ ಮಣ್ಣಿಗೂ ನೀರಿಗೂ ಇಳುವರಿಯಲ್ಲಿ ದೊಡ್ಡ ಅಂತರವಿಲ್ಲ ಅಂತ ಬರೆದರು. ಇವತ್ತು ಜಗತ್ತಿನಾದ್ಯಂತ ಬಳಸುವ ಪೋಷಕ ದ್ರಾವಣದ ಲೆಕ್ಕ ಕೊಟ್ಟವರೇ ಅವರು. ನನಗೆ ಸಿಕ್ಕ ಲಾಭ ಬೇರೆ ಥರದ್ದು. ಮೂರನೇ ಮಹಡಿಗೆ ಮಣ್ಣು ಹೊರುವುದು ತಪ್ಪಿತು, ಊರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದರೂ ಗಿಡ ಬಾಡುವುದಿಲ್ಲ, ಎಲೆಯಲ್ಲಿ ಮಣ್ಣಿಲ್ಲದ್ದರಿಂದ ತೊಳೆಯುವ ನೀರು ಉಳಿಯುತ್ತದೆ. ಹತ್ತು ಹದಿನೈದು ದಿನಕ್ಕೊಮ್ಮೆ ಬದಲಿಸುವ ಹಳೆಯ ನೀರು ಕರಿಬೇವಿನ ಕುಂಡಕ್ಕೆ ಹೋಗುತ್ತದೆ.

ಮಾರಿದವರ ಸೇವೆಯ ಬಗ್ಗೆ: ಒಂದು ನೆಟ್ ಪಾಟ್ ಒಡೆದು ಬಂದಿತ್ತು, ಫೋಟೋ ಕಳಿಸಿದ ಮೇಲೆ ಬೇರೆ ಕಳಿಸಿದರು. ಚಾರ್ಟಿನ ಬಗ್ಗೆ ಬರೆದದ್ದಕ್ಕೆ ಉತ್ತರ ಬರಲಿಲ್ಲ. ಕನ್ನಡದಲ್ಲಿ ಪುಸ್ತಿಕೆ ಇಲ್ಲ. ಬೆಂಗಳೂರಿನಲ್ಲೇ ಪ್ಯಾಕ್ ಆಗುವ ಕಿಟ್‌ಗೆ ನಾಲ್ಕು ಪುಟದ ಕನ್ನಡ ಪುಸ್ತಿಕೆ ಕೊಡುವುದು ದೊಡ್ಡ ಖರ್ಚಲ್ಲ. ಮಾವನವರಂಥ ಕೃಷಿ ಬಲ್ಲ ಹಿರಿಯರು ಎಷ್ಟೋ ಮನೆಗಳಲ್ಲಿ ಕೆಲಸವಿಲ್ಲದೆ ಕೂತಿದ್ದಾರೆ, ಅವರು ಓದಿ ನಡೆಸಬಲ್ಲರು.

ಇನ್ನೊಂದು ಬಕೆಟ್ ಬೇಕು ಅನಿಸಿದೆ. ಈ ಸಲ ಕಿಟ್ ತರಿಸುವುದಿಲ್ಲ. ನೀರಿನ ಮಟ್ಟದ ಟ್ಯೂಬಿರುವ ಬಕೆಟನ್ನು ಮಾತ್ರ ಅವರಿಂದ ಬಿಡಿಯಾಗಿ ತರಿಸಿ, ಪಂಪು, ವಾಲ್ವು, ಏರ್ ಸ್ಟೋನು ಅಕ್ವೇರಿಯಂ ಅಂಗಡಿಯಿಂದ ತರುತ್ತೇನೆ. ಇ.ಸಿ. ಪೆನ್ನು ಹೇಗೂ ಇದೆ. ಮೊದಲ ಸಲ ಶುರು ಮಾಡುವವರಿಗೂ ಇದೇ ಸಲಹೆ, ಸೆಪ್ಟೆಂಬರ್ ಕೊನೆಯಲ್ಲಿ ಬಿತ್ತುವ ಹಾಗೆ ನೋಡಿಕೊಳ್ಳಿ. ಮುಂದಿನ ನಾಲ್ಕು ತಿಂಗಳು ನೀರು ತಾನಾಗಿ ತಣ್ಣಗಿರುತ್ತದೆ.